ಕಡ್ಡಿ ಹೆಣೆಯುವ ಮುನ್ನ ರಿಮ್‌ಗೆ ಕೊಟ್ಟ ಮೂರು ಸಂಜೆಗಳು

ಚಕ್ರದ ಜೊತೆ ಪೆಡಲೂ ಸದಾ ತಿರುಗುವ ಹೊಸ ಫಿಕ್ಸೆಡ್ ಗೇರ್ ಸೈಕಲ್ಲಿಗೆ ಒಂದು ಜೊತೆ ಚಕ್ರಗಳನ್ನು ನಾನೇ ಹೆಣೆಯಬೇಕೆಂದು ನಿಶ್ಚಯಿಸಿದ ಮೇಲೆ, ಮೂರು ಸಂಜೆಗಳು ಒಂದು ಕಡ್ಡಿಯನ್ನೂ ಮುಟ್ಟದೆ ಬರಿಯ ರಿಮ್‌ಗಳ ಜೊತೆಯಲ್ಲೇ ಕಳೆದವು. ಚಕ್ರ ಕಟ್ಟುವುದೆಂದರೆ ಕಡ್ಡಿಗಳನ್ನು ಚಕ್ರದ ನಡುವಿನ ಹಬ್‌ಗೆ ಪೋಣಿಸಿ, ಕಡ್ಡಿಯ ತುದಿಯನ್ನು ರಿಮ್‌ಗೆ ಹಿಡಿದಿಡುವ ಸಣ್ಣ ತಿರುಪಾದ ನಿಪ್ಪಲ್ ಬಿಗಿದು, ಬೆಂಡ್ ತೆಗೆಯುವುದು ಎಂದಷ್ಟೇ ಹಿಂದೆ ನಾನು ತಿಳಿದಿದ್ದೆ. ಈಗ ನನ್ನ ಅಭಿಪ್ರಾಯ ಬದಲಾಗಿದೆ. ಚಕ್ರವು ಬಹುಕಾಲ ನೆಟ್ಟಗೆ ಓಡುತ್ತದೆಯೋ ಇಲ್ಲವೋ ಎಂಬುದರ ಅರ್ಧಕ್ಕಿಂತ ಹೆಚ್ಚು ಭಾಗವು ಮೊದಲ ಕಡ್ಡಿ ಏರುವ ಮೊದಲೇ, ರಿಮ್‌ನ ಆ ಮೂವತ್ತೆರಡು ಸಣ್ಣ ರಂಧ್ರಗಳಲ್ಲಿ ತೀರ್ಮಾನವಾಗಿರುತ್ತದೆ.

ಈ ಪಾಠ ನನಗೆ ದೊರೆತದ್ದು ನಾನು ಕಟ್ಟಿದ ಮೊದಲ ಹಿಂಚಕ್ರದಿಂದ. ರಿಮ್ಮನ್ನು ಡಬ್ಬದಿಂದ ತೆಗೆದವನೇ ಹೆಣೆಯಲು ಕುಳಿತಿದ್ದೆ. ಬಿಗಿತ ಏರುತ್ತಿದ್ದಂತೆ ನಿಪ್ಪಲ್‌ಗಳು ತಡೆತಡೆದು ತಿರುಗತೊಡಗಿದವು. ನಾನು ಕೀಲಿಯನ್ನು ಕಾಲು ಸುತ್ತು ತಿರುಗಿಸಿದರೆ ನಿಪ್ಪಲ್ಲಿನ ಬದಲು ಕಡ್ಡಿಯೇ ಹಗ್ಗದಂತೆ ತಿರುಚಿಕೊಳ್ಳುತ್ತಿತ್ತು. ಸ್ಟ್ಯಾಂಡಿನ ಮೇಲೆ ನೆಟ್ಟಗೆ ಕಂಡ ಆ ಚಕ್ರ, ಮೊದಲ ಸವಾರಿಯ ಮೊದಲ ನೂರು ಮೀಟರಿನಲ್ಲೇ ಟಿಣ್ ಟಿಣ್ ಎಂದು ಸದ್ದು ಮಾಡುತ್ತಾ ತಿರುಚನ್ನು ಬಿಟ್ಟುಕೊಟ್ಟಿತು. ಎರಡು ವಾರಗಳಲ್ಲಿ ಎಡಕ್ಕೆ ವಾಲಿತು. ಬಿಚ್ಚಿ ನೋಡಿದಾಗ ಹಿತ್ತಾಳೆಯ ನಿಪ್ಪಲ್‌ಗಳ ಕುತ್ತಿಗೆಯ ಸುತ್ತ ಚಾಕುವಿನಿಂದ ಕೆತ್ತಿದಂತಹ ಗೀರುಗಳಿದ್ದವು. ರಂಧ್ರಗಳ ಅಂಚಿನಲ್ಲಿ ಉಳಿದಿದ್ದ ಅಲ್ಯೂಮಿನಿಯಂ ಸಿಬಿರುಗಳು ಮಾಡಿದ ಕೆಲಸ ಅದು.

ಸಾಮಾನ್ಯ ಸೈಕಲ್ಲಿನಲ್ಲೂ ಇದು ದೋಷವೇ. ಫಿಕ್ಸೆಡ್ ಗೇರಿನಲ್ಲಿ ಮಾತ್ರ ಇದರ ಪರಿಣಾಮ ಬೇಗ ಕಾಣುತ್ತದೆಂದು ನಾನು ನಂಬಿದ್ದೇನೆ. ತುಳಿಯದಿದ್ದಾಗಲೂ ಚಕ್ರ ತಾನಾಗಿ ಓಡಲು ಬಿಡುವ ಫ್ರೀವೀಲ್ ಇರುವ, ರಿಮ್ ಬ್ರೇಕಿನ ಸೈಕಲ್ಲಿನಲ್ಲಿ ಹಬ್‌ನಿಂದ ರಿಮ್‌ಗೆ ಹೋಗುವ ತಿರುಚುಬಲವು ಮುಂದಿನ ದಿಕ್ಕಿಗೆ ಮಾತ್ರ. ಪೆಡಲು ತುಳಿದಾಗ ಅರ್ಧದಷ್ಟು ಕಡ್ಡಿಗಳ ಬಿಗಿತ ಏರಿ, ಉಳಿದರ್ಧದ್ದು ಇಳಿಯುತ್ತದೆ. ತುಳಿಯುವುದನ್ನು ನಿಲ್ಲಿಸಿದರೆ ಎಲ್ಲವೂ ಮೊದಲಿನ ಸ್ಥಿತಿಗೆ ಬರುತ್ತದೆ. ಫಿಕ್ಸೆಡ್ ಗೇರಿನಲ್ಲಿ ಪೆಡಲಿಗೂ ಚಕ್ರಕ್ಕೂ ನಡುವೆ ಬಿಡುವೇ ಇಲ್ಲ. ಸವಾರನು ಕಾಲಿನಿಂದ ವೇಗವನ್ನು ತಡೆದಾಗ ತಿರುಚುಬಲವು ಹಿಮ್ಮುಖವಾಗಿ, ಈಗಷ್ಟೇ ಸಡಿಲಗೊಂಡಿದ್ದ ಕಡ್ಡಿಗಳು ಬಿಗಿಯುತ್ತವೆ, ಬಿಗಿದಿದ್ದವು ಸಡಿಲಗೊಳ್ಳುತ್ತವೆ. ಪ್ರತಿಯೊಂದು ಇಳಿಜಾರಿನಲ್ಲಿ, ಪ್ರತಿಯೊಂದು ಸಿಗ್ನಲ್ಲಿನಲ್ಲಿ ಈ ಎಳೆದಾಟ ನಡೆಯುತ್ತದೆ. ನಿಪ್ಪಲ್ ತನ್ನ ಪೀಠದಲ್ಲಿ ಸರಿಯಾಗಿ ಕೂರದೆ ಒಂದು ಸಿಬಿರಿನ ಮೇಲೆ ನಿಂತಿದ್ದರೆ, ಆ ಸಿಬಿರು ನಜ್ಜುಗುಜ್ಜಾದ ದಿನ ಕಡ್ಡಿಯ ಬಿಗಿತವೂ ಇಳಿಯುತ್ತದೆ.

ಇದಕ್ಕೆ ಪ್ರತಿಯಾಗಿ ಫಿಕ್ಸೆಡ್ ಗೇರಿನ ಹಿಂಚಕ್ರಕ್ಕೆ ಒಂದು ದೊಡ್ಡ ಅನುಕೂಲವೂ ಇದೆ. ಒಂದೇ ಹಲ್ಲುಚಕ್ರ ಕೂರಬೇಕಾದ್ದರಿಂದ ಹಬ್‌ನ ಎರಡು ಫ್ಲೇಂಜುಗಳೂ, ಎಂದರೆ ಕಡ್ಡಿಗಳನ್ನು ಪೋಣಿಸುವ ಬದಿಯ ಬಿಲ್ಲೆಗಳು, ಮಧ್ಯರೇಖೆಯಿಂದ ಸಾಮಾನ್ಯವಾಗಿ ಸಮದೂರದಲ್ಲಿರುತ್ತವೆ. ಹಲವು ಗೇರುಗಳ ಚಕ್ರದಲ್ಲಿ ಬಲಬದಿಯ ಕಡ್ಡಿಗಳು ವಿಪರೀತ ಬಿಗಿಯಾಗಿ, ಎಡಬದಿಯವು ಅದಕ್ಕಿಂತ ಬಹಳ ಸಡಿಲವಾಗಿ ಇರಬೇಕಾದ ಅನಿವಾರ್ಯತೆ ಇಲ್ಲಿಲ್ಲ. ಎರಡೂ ಕಡೆ ಒಂದೇ ಬಿಗಿತ, ಒಂದೇ ಉದ್ದದ ಕಡ್ಡಿ. ಇಷ್ಟು ಸಮತೋಲನದ ರಚನೆಯನ್ನು ಒರಟಾದ ರಂಧ್ರಗಳಿಂದ ಕೆಡಿಸುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ನಾನು ಆರಿಸಿಕೊಂಡವು 622 ಮಿ.ಮೀ. ಅಳತೆಯ, ಎಂದರೆ 700ಸಿ ಟೈರುಗಳಿಗೆ ಹೊಂದುವ, ಎರಡು ಗೋಡೆಗಳ, 32 ರಂಧ್ರಗಳ ಅಲ್ಯೂಮಿನಿಯಂ ರಿಮ್‌ಗಳು. ರಂಧ್ರಗಳಿಗೆ ಲೋಹದ ಬಳೆಗಳಿಲ್ಲ. ನಿಪ್ಪಲ್ ನೇರವಾಗಿ ಅಲ್ಯೂಮಿನಿಯಂ ಮೇಲೆಯೇ ಕೂರುತ್ತದೆ. ಮುಂದಿನ ರಿಮ್‌ನ ಪಕ್ಕಗಳು ಬ್ರೇಕಿಗಾಗಿ ನುಣುಪಾಗಿ ಕಡೆದಂಥವು, ಹಿಂದಿನದು ಪೂರ್ತಿ ಕಪ್ಪು ಲೇಪನದ್ದು. ರಸ್ತೆಯಲ್ಲಿ ಓಡಿಸುವ ಫಿಕ್ಸೆಡ್ ಗೇರಿಗೆ ಮುಂದಿನ ಬ್ರೇಕ್ ಇರಲೇಬೇಕೆಂಬುದು ನನ್ನ ದೃಢವಾದ ನಿಲುವು. ಚೈನು ಕಳಚಿದರೆ ಕಾಲಿನ ಶಕ್ತಿಯಿಂದ ಏನೂ ಆಗದು. ಲೇಪನವಿರುವ ರಿಮ್ಮಿನ ಮೇಲೆ ಬ್ರೇಕಿನ ರಬ್ಬರು ಉಜ್ಜಿದರೆ ಲೇಪನ ಪಟ್ಟೆಪಟ್ಟೆಯಾಗಿ ಎದ್ದುಹೋಗುತ್ತದೆ. ಆದ್ದರಿಂದಲೇ ಎರಡಕ್ಕೂ ಬೇರೆ ಬೇರೆ ಆಯ್ಕೆ.

ಮೊದಲ ಸಂಜೆಯ ಕೆಲಸ ಪರೀಕ್ಷೆ. ರಿಮ್ಮನ್ನು ದಪ್ಪ ಗಾಜಿನ ಮೇಜಿನ ಮೇಲೆ ಮಲಗಿಸಿ, ಬೆರಳಿನಿಂದ ಒಂದೊಂದು ಕಡೆ ಒತ್ತಿದೆ. ಕುಂಟುವ ಮಣೆಯಂತೆ ಅಲುಗಾಡಿದರೆ ಅದು ಸಮತಟ್ಟಾಗಿಲ್ಲವೆಂದರ್ಥ. ಮುಂದಿನದು ಕದಲಲಿಲ್ಲ. ಹಿಂದಿನದರ ಕೆಳಗೆ ಒಂದು ಕಡೆ ಮಡಚಿದ ಕಾಗದದ ಚೂರು ನುಸುಳುವಷ್ಟು ಸಂದು ಇತ್ತು; ಅದು ಅರ್ಧ ಮಿಲಿಮೀಟರಿಗಿಂತ ಕಡಿಮೆ, ಕಡ್ಡಿಯ ಬಿಗಿತ ಸರಿಪಡಿಸಬಲ್ಲಷ್ಟು. ಒಂದು ಮಿಲಿಮೀಟರಿಗಿಂತ ಹೆಚ್ಚಿದ್ದಿದ್ದರೆ ರಿಮ್ಮನ್ನೇ ಹಿಂದಿರುಗಿಸುತ್ತಿದ್ದೆ. ಕಡ್ಡಿಗಳನ್ನು ಎಳೆದು ಬಾಗಿದ ರಿಮ್ಮನ್ನು ನೆಟ್ಟಗೆ ಮಾಡಬಹುದು, ನಿಜ. ಆದರೆ ಅದಕ್ಕೆ ತೆರಬೇಕಾದ ಬೆಲೆ ಎಂದರೆ ಅಸಮ ಬಿಗಿತ, ಮತ್ತು ಅಸಮ ಬಿಗಿತದ ಚಕ್ರ ಬೇಗ ಸೋಲುತ್ತದೆ.

ಆಮೇಲೆ ಬೆಸುಗೆ. ರಿಮ್ ಹುಟ್ಟುವುದು ಉದ್ದನೆಯ ಅಲ್ಯೂಮಿನಿಯಂ ಪಟ್ಟಿಯಾಗಿ. ಅದನ್ನು ಬಳೆಯಾಗಿ ಬಾಗಿಸಿ, ಎರಡು ತುದಿಗಳನ್ನು ಒಳಗಿನ ತುಂಡಿನಿಂದಲೋ ಬೆಸುಗೆಯಿಂದಲೋ ಕೂಡಿಸುತ್ತಾರೆ. ಈ ಸೇರುವೆ ಸಾಮಾನ್ಯವಾಗಿ ವಾಲ್ವ್ ರಂಧ್ರದ ಎದುರಿಗೆ ಇರುತ್ತದೆ. ಉಗುರನ್ನು ಅದರ ಮೇಲೆ ಅಡ್ಡಲಾಗಿ ಎಳೆದಾಗ ಮುಂದಿನ ರಿಮ್‌ನ ಒಂದು ಪಕ್ಕದಲ್ಲಿ ಸಣ್ಣ ಮೆಟ್ಟಿಲು ತಗುಲಿತು. ಬ್ರೇಕ್ ಹಿಡಿದಾಗ ಪ್ರತಿ ಸುತ್ತಿಗೊಮ್ಮೆ ಜಗ್ಗಲು ಅಷ್ಟು ಸಾಕು. ಸಪಾಟಾದ ಮರದ ತುಂಡಿಗೆ ನಯವಾದ ಉಜ್ಜುಕಾಗದ ಸುತ್ತಿ, ರಿಮ್‌ನ ಉದ್ದಕ್ಕೆ ಹತ್ತಿಪ್ಪತ್ತು ಬಾರಿ ಹಗುರಾಗಿ ಎಳೆದ ಮೇಲೆ ಉಗುರಿಗೆ ಏನೂ ತಗುಲಲಿಲ್ಲ. ಸ್ಟಿಕ್ಕರುಗಳನ್ನು ಕೂದಲೊಣಗಿಸುವ ಯಂತ್ರದ ಬಿಸಿಗಾಳಿಯಿಂದ ಸಡಿಲಿಸಿ ಕಿತ್ತೆ. ಅದರ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ.

ಎರಡನೆಯ ಸಂಜೆ ರಿಮ್ಮನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದಾಗ ಒಳಗೆ ಗಲಗಲ ಸದ್ದು ಕೇಳಿಸಿತು. ಕಾರ್ಖಾನೆಯಲ್ಲಿ ರಂಧ್ರ ಕೊರೆಯುವಾಗ ಎರಡು ಗೋಡೆಗಳ ನಡುವಿನ ಟೊಳ್ಳಿನಲ್ಲಿ ಲೋಹದ ಚೂರುಗಳು ಉಳಿದುಬಿಡುತ್ತವೆ. ಅವುಗಳನ್ನು ಹೊರಗೆ ತರುವುದು ತಾಳ್ಮೆಯ ಕೆಲಸ. ಅಲ್ಲಿನ ರಂಧ್ರಗಳಲ್ಲಿ ದೊಡ್ಡದೆಂದರೆ ವಾಲ್ವ್ ರಂಧ್ರ ಮತ್ತು ಟೈರಿನ ಬದಿಯಲ್ಲಿ ನಿಪ್ಪಲ್ ಇಳಿಸುವ ರಂಧ್ರಗಳು. ನೆಲದ ಮೇಲೆ ಬಿಳಿಯ ಹಾಳೆ ಹಾಸಿ, ರಿಮ್ಮನ್ನು ನಿಲ್ಲಿಸಿ, ಚೂರು ಕೆಳಗೆ ಜಾರುವಂತೆ ನಿಧಾನವಾಗಿ ಉರುಳಿಸುತ್ತಾ, ಸದ್ದು ವಾಲ್ವ್ ರಂಧ್ರದ ಬಳಿ ಬಂದಾಗ ಅಂಗೈಯಿಂದ ತಟ್ಟಿದೆ. ಬಹಳ ಹೊತ್ತಿನ ಮೇಲೆ ಸುರುಳಿ ಸುತ್ತಿದ, ಬೆಳ್ಳಿಯ ಎಳೆಯಂತೆ ಹೊಳೆಯುವ ಒಂದು ಚೂರು ಹಾಳೆಯ ಮೇಲೆ ಬಿತ್ತು. ಅದರ ಬೆನ್ನಿಗೇ ಸಾಸಿವೆಗಿಂತ ಸಣ್ಣವು ಇನ್ನೂ ಐದಾರು. ಒಂದು ಚೂರು ಮಾತ್ರ ಕೊನೆಯವರೆಗೂ ಹಟ ಮಾಡಿತು. ಅದನ್ನು ಚಿಮಟದಿಂದ ಹಿಡಿದೆಳೆಯಬೇಕಾಯಿತು. ಸದ್ದು ಪೂರ್ತಿ ನಿಂತ ಮೇಲೆಯೇ ಆ ಸಂಜೆ ಎದ್ದೆ.

ಮೂರನೆಯ ಸಂಜೆ ರಂಧ್ರಗಳ ಸರದಿ. ಸಿಬಿರು ಎಲ್ಲಿದೆಯೆಂದು ಕಣ್ಣಿಗಿಂತ ಹತ್ತಿ ಚೆನ್ನಾಗಿ ಹೇಳುತ್ತದೆ. ಕಿವಿಗೆ ಬಳಸುವ ಹತ್ತಿಯ ಕಡ್ಡಿಯನ್ನು ರಂಧ್ರದೊಳಗೆ ಒಂದು ಸುತ್ತು ತಿರುಗಿಸಿ ಹೊರತೆಗೆದರೆ, ಸಿಬಿರು ಇರುವಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡು ಉಳಿಯುತ್ತದೆ. ಹಿಂದಿನ ರಿಮ್‌ನ 32ರಲ್ಲಿ 19 ರಂಧ್ರಗಳು ಎಳೆ ಹಿಡಿದವು. ರಂಧ್ರದ ಅಂಚನ್ನು ಇಳಿಜಾರಾಗಿ ಕೆರೆಯುವ, ರಂಧ್ರಕ್ಕಿಂತ ದಪ್ಪನೆಯ ಕೌಂಟರ್‌ಸಿಂಕ್ ಬಿಟ್ಟನ್ನು ಮರದ ಹಿಡಿಗೆ ಸಿಕ್ಕಿಸಿ, ಕೈಯಿಂದಲೇ, ಭಾರ ಹಾಕದೆ ಎರಡು ಸುತ್ತು ತಿರುಗಿಸಿದೆ. ಇಲ್ಲಿ ವಿದ್ಯುತ್ ಡ್ರಿಲ್ ಬಳಸುವುದನ್ನು ನಾನು ಒಪ್ಪುವುದಿಲ್ಲ. ನಮಗೆ ಬೇಕಾದದ್ದು ಅಂಚಿನ ಮುಳ್ಳು ಹೋಗುವುದಷ್ಟೇ. ರಂಧ್ರ ದೊಡ್ಡದಾದರೆ ನಿಪ್ಪಲ್ಲಿನ ತಲೆಗೆ ಆಸರೆಯಾಗುವ ಲೋಹವೇ ತೆಳುವಾಗುತ್ತದೆ, ಕಡ್ಡಿಯೊಂದು ಎಳೆಯುವ ಬಲವಾದರೋ ಸುಮಾರು 100ರಿಂದ 120 ಕಿಲೊಗ್ರಾಂ ಭಾರಕ್ಕೆ ಸಮ. ನಿಪ್ಪಲ್ ಕೂರುವ ಒಳಭಾಗವನ್ನು ತಲುಪಲು ಬಿಟ್ಟಿಗೆ ಆಗದ ಕಡೆ, ಉಜ್ಜುಕಾಗದವನ್ನು ಸಣ್ಣ ಕೊಳವೆಯಾಗಿ ಸುತ್ತಿ ಟೈರಿನ ಬದಿಯಿಂದ ಇಳಿಸಿ ತಿರುಗಿಸಿದೆ. ವಾಲ್ವ್ ರಂಧ್ರದ ಅಂಚನ್ನೂ ಮರೆಯಲಿಲ್ಲ, ಏಕೆಂದರೆ ಟ್ಯೂಬಿನ ವಾಲ್ವ್ ಬುಡದಲ್ಲಿ ಕತ್ತರಿಸಿಹೋಗುವುದು ಅಲ್ಲಿಯೇ. ಕೊನೆಯಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಎಲ್ಲವನ್ನೂ ಒರೆಸಿ, ಮತ್ತೆ ಒಣ ಹತ್ತಿಯಿಂದ ಪರೀಕ್ಷಿಸಿದೆ. ಈ ಬಾರಿ ಒಂದೂ ಎಳೆ ಉಳಿಯಲಿಲ್ಲ.

ಇನ್ನು ಅಳತೆ. ಕಡ್ಡಿಯ ಉದ್ದವನ್ನು ಲೆಕ್ಕ ಹಾಕಲು ಬೇಕಾದ ರಿಮ್‌ನ ಪರಿಣಾಮಕಾರಿ ವ್ಯಾಸವನ್ನು, ಎಂದರೆ ಎದುರುಬದುರಾಗಿ ಕೂತ ಎರಡು ಕಡ್ಡಿಗಳ ತುದಿಯಿಂದ ತುದಿಗಿರುವ ದೂರವನ್ನು, ಮುದ್ರಿತ ಹಾಳೆಯಿಂದ ತೆಗೆದುಕೊಳ್ಳಬಾರದೆಂದು ಈಗ ನಾನು ಖಚಿತವಾಗಿ ಹೇಳಬಲ್ಲೆ. ಕೆಲವರು ಅದನ್ನು ನಿಪ್ಪಲ್ಲಿನ ಪೀಠದವರೆಗೆ ಅಳೆಯುತ್ತಾರೆ, ಕೆಲವರು ತಲೆಯ ಸೀಳಿನವರೆಗೆ. ನಾನು ಎರಡು ಹಳೆಯ ಕಡ್ಡಿಗಳ ಕೊಕ್ಕೆಯ ತುದಿಯನ್ನು ಕತ್ತರಿಸಿ, ಥ್ರೆಡ್ಡಿನ ತುದಿಯಿಂದ ಸರಿಯಾಗಿ 250 ಮಿ.ಮೀ. ಉಳಿಯುವಂತೆ ಅರದಿಂದ ಉಜ್ಜಿ ಇಟ್ಟುಕೊಂಡಿದ್ದೇನೆ. ಬಳಸಲಿರುವ ನಿಪ್ಪಲ್‌ಗಳನ್ನೇ, ಕಡ್ಡಿಯ ತುದಿ ತಲೆಯ ಸೀಳಿನ ತಳಕ್ಕೆ ಸಮವಾಗುವಷ್ಟು ತಿರುಗಿಸಿ, 1ನೆಯ ಮತ್ತು 17ನೆಯ ರಂಧ್ರಗಳಿಗೆ ಹಾಕಿ ಎಳೆದು ಹಿಡಿದು, ನಡುವಿನ ಅಂತರವನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆದೆ. ನಾಲ್ಕು ಕಡೆ ಸಿಕ್ಕ ಅಂತರಗಳು 98.8, 99.1, 99.2 ಮತ್ತು 98.9; ಸರಾಸರಿ 99, ಎರಡು ಕಡ್ಡಿಗಳ 500 ಸೇರಿಸಿದರೆ 599 ಮಿ.ಮೀ. ರಿಮ್ ಜೊತೆ ಬಂದ ಹಾಳೆಯಲ್ಲಿದ್ದದ್ದು 596. ಆ ಮೂರು ಮಿಲಿಮೀಟರನ್ನು ನಂಬಿದ್ದರೆ ಪ್ರತಿ ಕಡ್ಡಿಯೂ ಒಂದೂವರೆ ಮಿಲಿಮೀಟರು ಗಿಡ್ಡವಾಗುತ್ತಿತ್ತು, ಥ್ರೆಡ್ಡು ನಿಪ್ಪಲ್ಲಿನ ತಲೆಯವರೆಗೆ ತಲುಪದೆ, ಎಳೆತವೆಲ್ಲ ತೆಳುವಾದ ಕುತ್ತಿಗೆಯ ಮೇಲೆ ಬೀಳುತ್ತಿತ್ತು.

ಹಿಂದಿನ ಹಬ್‌ನ ಫ್ಲೇಂಜಿನಲ್ಲಿ ಕಡ್ಡಿಯ ರಂಧ್ರಗಳ ವೃತ್ತದ ವ್ಯಾಸ 64 ಮಿ.ಮೀ., ಮಧ್ಯರೇಖೆಯಿಂದ ಫ್ಲೇಂಜಿಗೆ 34 ಮಿ.ಮೀ. ಪ್ರತಿ ಕಡ್ಡಿಯೂ ಮೂರು ಕಡ್ಡಿಗಳನ್ನು ಹಾಯುವ ಹೆಣಿಗೆಗೆ ಲೆಕ್ಕ ಹಾಕಿದಾಗ 289.6 ಬಂತು. ಪೂರ್ತಿ ಬಿಗಿದಾಗ ಕಡ್ಡಿ ಅರ್ಧ ಮಿಲಿಮೀಟರಿನಷ್ಟು ಹಿಗ್ಗುವುದರಿಂದ 289ರ ಕಡ್ಡಿಗಳನ್ನು ತರಿಸಿದೆ.

ಹೆಣೆಯುವ ಮೊದಲು ಇನ್ನೊಂದು ಗುರುತು ಹಾಕಬೇಕು. ರಿಮ್‌ನ ರಂಧ್ರಗಳು ಒಂದೇ ಸಾಲಿನಲ್ಲಿರುವುದಿಲ್ಲ. ಒಂದು ತುಸು ಎಡಕ್ಕೆ, ಮುಂದಿನದು ತುಸು ಬಲಕ್ಕೆ ವಾಲಿರುತ್ತದೆ. ವಾಲ್ವ್‌ನ ಪಕ್ಕದ ರಂಧ್ರ ಯಾವ ಕಡೆಗೆ ಎಂಬುದು ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಅದನ್ನು ನೋಡಿ, ಬಲ ಫ್ಲೇಂಜಿಗೆ ಸೇರುವ ಮೊದಲ ರಂಧ್ರದ ಪಕ್ಕ ಬಣ್ಣದ ಟೇಪಿನ ಚೂರು ಅಂಟಿಸಿದೆ.

ಕಡ್ಡಿಗಳ ಥ್ರೆಡ್ಡಿಗೆ ಅಗಸೆ ಎಣ್ಣೆ ಸವರಿದೆ. ಬಿಗಿಯುವಾಗ ಅದು ಜಾರಿಕೆ ಕೊಡುತ್ತದೆ, ಒಣಗಿದ ಮೇಲೆ ಅಂಟಿನಂತೆ ಹಿಡಿದು ನಿಪ್ಪಲ್ ತಾನಾಗಿ ಸಡಿಲಗೊಳ್ಳದಂತೆ ತಡೆಯುತ್ತದೆ. ಎರಡೂ ದಿಕ್ಕಿಗೆ ಎಳೆದಾಡುವ ಈ ಚಕ್ರಕ್ಕೆ ಅದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಈ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಅದು ತಾನಾಗಿ ಕಾವೇರಿ ಹೊತ್ತಿಕೊಳ್ಳಬಹುದು, ಆದ್ದರಿಂದ ಬಿಡಿಸಿ ಬಯಲಲ್ಲಿ ಹರವಿ ಒಣಗಿಸಬೇಕು. ನಿಪ್ಪಲ್ ಕೂರುವ ಪೀಠಗಳಿಗೆ ಮಾತ್ರ ಸಾಮಾನ್ಯ ಯಂತ್ರದ ಎಣ್ಣೆ, ಒಂದೊಂದಕ್ಕೆ ಒಂದೇ ಹನಿ. ನಿಪ್ಪಲ್ ಕೈಜಾರಿ ಟೊಳ್ಳಿನೊಳಗೆ ಬೀಳದಿರಲೆಂದು ಒಂದು ಬಿಡಿ ಕಡ್ಡಿಯ ತುದಿಯನ್ನು ಅದರ ತಲೆಯ ಕಡೆಯಿಂದ ಎರಡು ಸುತ್ತು ಸಿಕ್ಕಿಸಿ, ಆ ಕಡ್ಡಿಯಿಂದಲೇ ರಂಧ್ರಕ್ಕೆ ಇಳಿಸಿದೆ. ಟೇಪಿನ ಗುರುತಿನ ಪಕ್ಕದ ಮೊದಲ ಕಡ್ಡಿಯನ್ನು ತಂದು ಥ್ರೆಡ್ಡಿಗೆ ಮುಟ್ಟಿಸಿ, ನಿಪ್ಪಲ್ಲನ್ನು ಎರಡು ಬೆರಳುಗಳಲ್ಲಿ ಹಿಡಿದು ತಿರುಗಿಸಿದಾಗ, ಎಲ್ಲಿಯೂ ತಡೆಯದೆ, ಸದ್ದಿಲ್ಲದೆ ತಿರುಗುತ್ತಾ ಹೋಯಿತು.