ಮದುವೆ ಕಾಗದ: ಡಿಸೈನ್ ಆಮೇಲೆ, ಪಟ್ಟಿ ಮೊದಲು

ಉಡುಪಿಯ ಒಂದು ಮದುವೆ ಕಾಗದದ ಅಂಗಡಿಯಲ್ಲಿ ನನ್ನ ಕೆಲಸ. ಆರ್ಡರ್ ತೆಗೆದುಕೊಳ್ಳುವುದು, ಮ್ಯಾಟರ್ ಟೈಪ್ ಮಾಡುವುದು, ಪ್ರೂಫ್ ತೋರಿಸುವುದು. ಬಂದವರು ಮೊದಲು ಕೈ ಹಾಕುವುದು ಸ್ಯಾಂಪಲ್ ಕಟ್ಟಿಗೆ. ಗಣಪತಿ ಎಲ್ಲಿ ಬರಬೇಕು, ಗೋಲ್ಡ್ ಫಾಯಿಲ್ ಬೇಕಾ ಬೇಡ್ವಾ ಅಂತ ತುಂಬಾ ಹೊತ್ತು ಮಾತಾಗುತ್ತದೆ. ಕಡೆಗೆ ಎಷ್ಟು ಕಾಗದ ಬೇಕು ಅಂತ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. "ಒಂದು ಐನೂರು ಹಾಕಿ ಮಾರಾಯ್ರೆ, ಮತ್ತೆ ನೋಡುವಾ."

ಆ "ಮತ್ತೆ ನೋಡುವಾ" ಇದೆಯಲ್ಲ, ಅದಕ್ಕೇ ಜಾಸ್ತಿ ಖರ್ಚು. ಐವತ್ತು ಕಾಗದ ಕಡಿಮೆ ಬಿತ್ತು ಅಂತ ವಾಪಸ್ ಬಂದರೆ ಆ ಐವತ್ತಕ್ಕೂ ಸ್ಕ್ರೀನ್ ಹೊಸದಾಗಿ ಮಾಡಬೇಕು, ಮಿಷಿನ್ ಮತ್ತೆ ಹೊಂದಿಸಬೇಕು, ಅಷ್ಟರಲ್ಲಿ ಆ ಮಾದರಿಯ ಖಾಲಿ ಕಾರ್ಡೇ ಮುಗಿದಿರಬಹುದು. ಹಾಗಾಗಿ ನಾನು ಎಲ್ಲರಿಗೂ ಹೇಳುವುದು ಒಂದೇ. ಹೇಳಿಕೆಯ ಪಟ್ಟಿ, ಅಂದರೆ ಮದುವೆಗೆ ಯಾರನ್ನೆಲ್ಲ ಕರೆಯುವುದು ಅಂತ ಬರೆದದ್ದು, ಕೈಯಲ್ಲಿ ಹಿಡಿದುಕೊಂಡು ಬನ್ನಿ.

ಪಟ್ಟಿ ಅಂದರೆ ಜನರ ಪಟ್ಟಿ ಅಲ್ಲ, ಮನೆಗಳ ಪಟ್ಟಿ. ಕಾಗದ ಮನೆಗೊಂದು. ಊಟದ ಲೆಕ್ಕ ಮಾತ್ರ ತಲೆ ಎಣಿಸಿ. ಈ ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದಿಟ್ಟರೆ ಅಡುಗೆಯವರು ಕೇಳುವಾಗಲೂ ಅದೇ ಪುಸ್ತಕ ತೆಗೆಯಬಹುದು. ನಮ್ಮಲ್ಲಿ ಈಗಲೂ ಮನೆಗೆ ಹೋಗಿ ಹೇಳಿದರೇ ಹೇಳಿಕೆ ಅಲ್ವಾ? ಅದಕ್ಕೆ ಪಟ್ಟಿಯನ್ನು ಸಂಬಂಧದ ಪ್ರಕಾರ ಬರೆಯುವ ಬದಲು ದಾರಿಯ ಪ್ರಕಾರ ಬರೆಯಿರಿ. ಕಾರ್ಕಳ–ಹೆಬ್ರಿ ಕಡೆಯದ್ದು ಒಂದು ಪುಟ, ಕುಂದಾಪುರ–ಬೈಂದೂರು ಒಂದು, ಪಡುಬಿದ್ರಿ–ಸುರತ್ಕಲ್–ಮಂಗಳೂರು ಇನ್ನೊಂದು. ಪ್ರತಿ ಪುಟದ ಮೇಲೆ ಯಾರು ಹೋಗುವುದು ಅಂತ ಹೆಸರು ಬರೆಯಿರಿ. ಹಾಗೆ ಬರೆದಾಗಲೇ ಗೊತ್ತಾಗುವುದು, ಹೋಗಲು ಎಷ್ಟು ಆದಿತ್ಯವಾರ ಬೇಕು, ಕಾಗದ ಯಾವತ್ತಿಗೆ ಕೈಗೆ ಸಿಗಬೇಕು ಅಂತ.

ಮುಂಬೈಯವರದ್ದು ಬೇರೆಯೇ ಪುಟ. ನಮ್ಮ ಊರಿನ ಎಷ್ಟೋ ಮನೆಯವರಿಗೆ ಅಲ್ಲಿ ಅಣ್ಣನೋ ಚಿಕ್ಕಮ್ಮನೋ ಇದ್ದೇ ಇರುತ್ತಾರೆ. ರೈಲಿನ ಬುಕಿಂಗ್ ಮೊದಲು 120 ದಿನ ಮುಂಚೆ ತೆರೆಯುತ್ತಿತ್ತು. 2024ರ ನವೆಂಬರ್ 1ರಿಂದ ಅದು 60 ದಿನ. ಮೇ ತಿಂಗಳ ಮದುವೆಗೆ ಮತ್ಸ್ಯಗಂಧ ರೈಲಿನಲ್ಲಿ ಸೀಟು ಸಿಗಬೇಕಾದರೆ ಬುಕಿಂಗ್ ತೆರೆಯುವ ಮೊದಲೇ ಅವರಿಗೆ ದಿನ ಗೊತ್ತಿರಬೇಕು. ಪ್ರಿಂಟ್ ಆದ ಕಾಗದಕ್ಕೆ ಕಾಯಬೇಡಿ. ದಿನ, ಹಾಲ್, ಊರು ಇಷ್ಟು ಇರುವ ಒಂದು ಚಿತ್ರ ವಾಟ್ಸಾಪ್‌ನಲ್ಲಿ ಕಳಿಸಿ, ಜೊತೆಗೆ ಒಂದು ಫೋನ್ ಮಾಡಿ. ಕಾಗದ ಆಮೇಲೆ ಕೊರಿಯರ್‌ನಲ್ಲಿ ಹೋಗಲಿ.

ಇನ್ನು ಮ್ಯಾಟರ್. ಇದರಲ್ಲಿ ನಾನು ಸ್ವಲ್ಪ ಹಟ ಮಾಡುತ್ತೇನೆ. ಎರಡೂ ಕಡೆಯಿಂದ ಒಬ್ಬೊಬ್ಬ ಹಿರಿಯರು ಪ್ರೂಫ್ ಓದಲೇಬೇಕು, ಅದೂ ಬಾಯಿಬಿಟ್ಟು. ಒಮ್ಮೆ ಒಂದು ಬಂಟರ ಮನೆಯವರು ಬಂದಿದ್ದರು. ಎಲ್ಲ ಸರಿ ಇದೆ, ಪ್ರಿಂಟ್‌ಗೆ ಬಿಡಿ ಅಂತ ಹುಡುಗಿಯ ಅಣ್ಣ ಹೇಳಿಯಾಗಿತ್ತು. ಜೊತೆಗೆ ಬಂದ ಸೋದರಮಾವ ಕನ್ನಡಕ ಹಾಕಿ, ಪ್ರೂಫಿನ ಮೇಲೆ ಬೆರಳಿಟ್ಟು ಒಂದೊಂದೇ ಗೆರೆ ಓದುತ್ತಾ ಬಂದರು. ಹುಡುಗಿಯ ಹೆಸರಿನ ಕೆಳಗೆ ಬೆರಳು ನಿಂತಿತು. "ತಾಯಿಮನೆಯ ಹೆಸರೆಲ್ಲಿ ಮಗಾ?" ಅಳಿಯಸಂತಾನದ ಕುಟುಂಬಗಳಲ್ಲಿ ಬಳಿ (ಗೋತ್ರದ ಥರದ್ದು), ಕುಟುಂಬ ಎಲ್ಲ ತಾಯಿಯ ಕಡೆಯಿಂದ ಬರುವುದು. ಆ ಹೆಸರು ಇಲ್ಲದ ಕಾಗದ ಹಿಡಿದುಕೊಂಡು ಅವರು ತಮ್ಮವರ ಮನೆ ಬಾಗಿಲಿಗೆ ಹೇಗೆ ಹೋಗುವುದು? ಅಷ್ಟು ಹೊತ್ತು ಸುಮ್ನೆ ಕೂತಿದ್ದ ಹುಡುಗಿಯ ತಾಯಿ ಎದ್ದು ಬಂದು ಕಂಪ್ಯೂಟರ್ ಮುಂದೆ ನಿಂತರು. ಪಾರ್ಕಿಂಗ್ ಬಗ್ಗೆ ಇದ್ದ ಗೆರೆ ಸಣ್ಣದು ಮಾಡಿ, ಮನೆ ಹೆಸರಿಗೆ ಜಾಗ ಮಾಡಿಕೊಟ್ಟೆ. ಕಾಗದ ಮೊದಲು ಹೋಗುವುದು ದೈವ ದೇವರ ಮುಂದೆ, ಆಮೇಲೆ ಹಿರಿಯರ ಕೈಗೆ. ಅವರು ಹುಡುಕುವ ಗೆರೆ ಅದರಲ್ಲಿ ಇರಬೇಕು.

ಹುಡುಗ ಬೆಂಗಳೂರಿನ ಕಡೆಯವನಾದರೆ ತಿಂಗಳ ಹೆಸರಿನಲ್ಲೂ ಗೊಂದಲ ಬರುತ್ತದೆ. ನಮ್ಮಲ್ಲಿ ಸೌರಮಾನ, "ಮೇಷ ಮಾಸ ದಿನ ಇಷ್ಟು ಸಲುವ" ಅಂತ ಬರೆಯುತ್ತೇವೆ. ಅವರು ಚೈತ್ರ, ವೈಶಾಖ, ತಿಥಿ ಅಂತ ಕೊಡುತ್ತಾರೆ. ಎರಡೂ ಹಾಕಬಹುದು, ಜಗಳ ಬೇಕಾಗಿಲ್ಲ. ತಾರೀಕು, ವಾರ, ಮುಹೂರ್ತದ ಗಂಟೆ ಮಾತ್ರ ದಪ್ಪ ಅಕ್ಷರದಲ್ಲಿ ಇರಲಿ.

ಹೆಸರುಗಳನ್ನು ವಾಟ್ಸಾಪ್‌ನಲ್ಲಿ ಕಳಿಸಿದರೂ ಒಂದು ಹಾಳೆಯಲ್ಲಿ ಕೈಯಲ್ಲಿ ಬರೆದು ತನ್ನಿ. ಮೊಬೈಲಿನ ಅಕ್ಷರ ಯೂನಿಕೋಡ್, ನಾವು ಪುಟ ಕಟ್ಟುವುದು ಹಳೆಯ ನುಡಿ ಫಾಂಟಿನಲ್ಲಿ. ಬದಲಾಯಿಸುವಾಗ ಒತ್ತಕ್ಷರ ಅಲ್ಲಿ ಇಲ್ಲಿ ಹಾರಿಹೋಗುವುದುಂಟು. ಐಶ್ವರ್ಯ, ಪ್ರಜ್ವಲ್ ಥರದ ಹೆಸರುಗಳಲ್ಲಿ ನೋಡಿಕೊಳ್ಳಬೇಕು. ಮದುವೆ ನೋಂದಣಿಗೆ ಹೋದಾಗ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಈ ಕಾಗದವನ್ನೂ ಕೇಳುತ್ತಾರೆ. ಆಧಾರ್‌ನಲ್ಲಿ ಇರುವ ಹೆಸರೇ ಇದರಲ್ಲೂ ಇರಲಿ, ನಾಲ್ಕೈದು ಕಾಗದ ಬೇರೆ ತೆಗೆದಿಡಿ.

ಮದುವೆ ಹಾಲ್‌ನ ವಿಳಾಸಕ್ಕೆ ಊರಿನ ಹೆಸರು ಮಾತ್ರ ಸಾಕಾಗುವುದಿಲ್ಲ. ಕಿನ್ನಿಮುಲ್ಕಿ ಉಡುಪಿ ಪೇಟೆಯಲ್ಲೇ ಉಂಟು, ಮುಲ್ಕಿ ಮಂಗಳೂರಿನ ದಾರಿಯಲ್ಲಿ. ಅಂಬಲಪಾಡಿ, ಅಂಬಾಗಿಲು ಎರಡೂ ಉಡುಪಿಯ ಹೆದ್ದಾರಿಯಲ್ಲಿ. ಹೊರಗಿನವರಿಗೆ ಇದೆಲ್ಲ ಒಂದೇ ಥರ ಕೇಳುತ್ತದೆ. ಮ್ಯಾಪಿನ ಕ್ಯೂಆರ್ ಕೋಡ್ ಹಾಕಿಸಿ, ಪ್ರೂಫಿನಲ್ಲೇ ಸ್ಕ್ಯಾನ್ ಮಾಡಿ ನೋಡಿ.

ಕವರ್ ಮೇಲೆ ಬರೆಯುವುದು ಮನೆಯಲ್ಲಿ ಅಕ್ಷರ ಚಂದ ಇರುವವರ ಕೆಲಸ. "ಮತ್ತು ಮನೆಯವರು" ಅಂತ ಸೇರಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಕರೆದದ್ದು ಒಬ್ಬರನ್ನೇ ಅಂತ ಆಗುತ್ತದೆ. ಮೆಹಂದಿಗೂ ಕರೆಯುವವರಿಗೆ ಬೇರೆ ಚೀಟಿ ಮಾಡಿಸಿ. ಆ ಕವರ್‌ಗಳ ಮೂಲೆಗೆ ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿಟ್ಟರೆ ಯಾವುದರಲ್ಲಿ ಚೀಟಿ ಉಂಟು ಅಂತ ಮತ್ತೆ ಮತ್ತೆ ತೆರೆದು ನೋಡಬೇಕಾಗಿಲ್ಲ.

ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಮದುವೆ ಇಲ್ಲ, ಅಂಗಡಿಯಲ್ಲಿ ರಶ್ಶೂ ಇರುವುದಿಲ್ಲ. ವರ್ಷದ ಕೊನೆಗೆ ಮದುವೆ ಇಟ್ಟುಕೊಂಡವರು ಆಗಲೇ ಪಟ್ಟಿ ಹಿಡಿದುಕೊಂಡು ಬನ್ನಿ. ಕೂತು ನಿಧಾನಕ್ಕೆ ಓದಬಹುದು.