ಕಡಲಡಿಯ ಗಣಿ

ಇವತ್ತು ಇಂಗ್ಲೆಂಡಿನ ಕಾರ್ನ್‌ವಾಲ್‌ನ ಲೆವಾಂಟ್ ಗಣಿ ನೋಡಿದೆ. ಕಡಿದಾದ ಬಂಡೆಯಂಚಿನಲ್ಲಿ ಎಂಜಿನ್ ಮನೆ, ಕೆಳಗೆ ಮೊರೆಯುವ ಅಟ್ಲಾಂಟಿಕ್. ತಾಮ್ರ, ತವರ ಹುಡುಕುತ್ತಾ ಸಮುದ್ರದ ತಳದಡಿ ಒಂದು ಮೈಲಿಗೂ ಹೆಚ್ಚು ದೂರ ಸುರಂಗ ಕೊರೆದಿದ್ದರು. 1840ರ ಹಬೆ ಎಂಜಿನ್ನನ್ನು ಸ್ವಯಂಸೇವಕರು ವರ್ಷಗಟ್ಟಲೆ ದುಡಿದು ಮತ್ತೆ ಓಡುವಂತೆ ಮಾಡಿದ್ದಾರೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಶಾಫ್ಟ್, ಅಂದರೆ ಗಣಿಯ ಆಳಕ್ಕಿಳಿಯುವ ಬಾವಿಯಂಥ ದಾರಿ. ಆಗ ಅದರೊಳಗೆ ಮೇಲೆ ಕೆಳಗೆ ಆಡುವ ಉದ್ದನೆಯ ದಂಡವಿತ್ತು, ದಂಡಕ್ಕೆ ಮೆಟ್ಟಿಲುಗಳು. ಅದು ಏರಿದಾಗ ಗಣಿಗಾರರು ಪಕ್ಕದ ಹಲಗೆಗೆ ಕಾಲಿಡಬೇಕಿತ್ತು, ಇಳಿದು ಬಂದಾಗ ಮುಂದಿನ ಮೆಟ್ಟಿಲಿಗೆ. ಹೀಗೇ ಕತ್ತಲಲ್ಲಿ ಮೇಲೆ ಬರಬೇಕಿತ್ತು. 1919ರ ಅಕ್ಟೋಬರ್ 20ರಂದು, ಪಾಳಿ ಮುಗಿಸಿ ಬರುವಾಗ, ಮೇಲಿನ ಕೊಂಡಿ ಮುರಿದು ದಂಡ ಕುಸಿಯಿತು. 31 ಜನ ಸತ್ತರು. ಮನೆ ದಾರಿಯಲ್ಲಿದ್ದವರು!

ಇದೇ ಕಾರ್ನ್‌ವಾಲ್‌ನಿಂದ ಎಷ್ಟೋ ಗಣಿಗಾರರು ನಮ್ಮ ಕೆಜಿಎಫ್‌ಗೆ ಬಂದಿದ್ದರು. ನಮ್ಮ ತಾತ ಅಲ್ಲಿನ ಚಾಂಪಿಯನ್ ರೀಫ್‌ನಲ್ಲಿ ದುಡಿದವರು. ಪಾಳಿಗೆ ಹೊರಡುವಾಗ ಅಪ್ಪಿತಪ್ಪಿಯೂ 'ಹೋಗ್ತೀನಿ' ಅನ್ನುತ್ತಿರಲಿಲ್ಲವಂತೆ, 'ಬರ್ತೀನಿ' ಅಂತಲೇ ಹೊಸ್ತಿಲು ದಾಟುತ್ತಿದ್ದರಂತೆ. 2001ರಲ್ಲಿ ಮುಚ್ಚಿದ ಆ ಗಣಿಯೊಳಗೂ ಹೀಗೆ ಮಕ್ಕಳ ಕೈಹಿಡಿದು ಹೋಗಿ ತೋರಿಸುವಂತಾಗಬೇಕು ಅಂತ ತುಂಬಾ ಆಸೆ.

ಅಮ್ಮನಿಗೆ ಫೋಟೊ ಕಳಿಸಿದೆ. 'ತಾತ ನೋಡಬೇಕಿತ್ತು ಕಣೋ' ಅಂದಳು.