ದುಡ್ಡು ತಗೊಳ್ಳದೆ ಮನೆಗೆ ಬರುವ ನರ್ಸ್: ಇದನ್ನು ಶುರು ಮಾಡಿದ್ದು ಯಾರು?

ಸಾಗರದ ಸುತ್ತಮುತ್ತ ಯಾವ ಮನೆಗೆ ಹೋದರೂ ಇದೇ ಆಗುತ್ತದೆ. ಡ್ರೆಸ್ಸಿಂಗ್ ಮುಗಿಸಿ, ಕೈ ತೊಳೆದು ಜಗಲಿಗೆ ಬಂದ ಕೂಡಲೇ ಕಾಫಿ ಲೋಟದ ಜೊತೆ ಒಂದು ಪ್ರಶ್ನೆಯೂ ಬರುತ್ತದೆ. "ಅಲ್ಲ ಸಿಸ್ಟರ್, ದುಡ್ಡು ತಗೊಳ್ಳದೆ ಮನೆಮನೆಗೆ ಬಂದು ನೋಡ್ಕೋತೀರಲ್ಲ, ಇದನ್ನ ಶುರು ಮಾಡಿದ್ದು ಯಾರು? ಸರ್ಕಾರದ್ದಾ?"

ಮುಂದಿನ ಮನೆಯವರು ಕಾಯುತ್ತಿರುತ್ತಾರೆ. ಎರಡು ಮಾತು ಹೇಳಿ ಹೊರಟುಬಿಡುತ್ತೇನೆ. ಇವತ್ತು ಕೂತು ಪೂರ್ತಿ ಹೇಳುತ್ತೇನೆ.

ನಮ್ಮ ತಂಡ ಶುರುವಾಗಿದ್ದು ಒಬ್ಬರ ಬೆನ್ನಿನ ಹುಣ್ಣಿನಿಂದ. ನಾನಾಗ ಶಿವಮೊಗ್ಗದಲ್ಲಿ ಆಸ್ಪತ್ರೆ ಕೆಲಸದಲ್ಲಿದ್ದೆ. ರಜೆಗೆ ಊರಿಗೆ ಬಂದಾಗ ಪಕ್ಕದ ಕೇರಿಯಿಂದ ಕರೆ ಬಂತು. ಅಡಿಕೆ ಗೊನೆ ಕೊಯ್ಯುವಾಗ ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡವರು. ಸೊಂಟದಿಂದ ಕೆಳಗೆ ಸ್ವಾಧೀನ ಇರಲಿಲ್ಲ. ದೊಡ್ಡ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಗಿ ಡಿಸ್ಚಾರ್ಜ್ ಆಗಿದ್ದರು. ಹೆಂಡತಿಯ ಕೈಗೆ ಮಾತ್ರೆಯ ಚೀಟಿ ಕೊಟ್ಟು "ಮನೇಲಿ ಚೆನ್ನಾಗಿ ನೋಡ್ಕೊಳ್ಳಿ" ಅಂದಿದ್ದರಂತೆ. ಅಷ್ಟೇ.

ಅವರು ಚೆನ್ನಾಗಿಯೇ ನೋಡಿಕೊಂಡಿದ್ದರು. ಹಾಸಿಗೆ ಶುಚಿಯಾಗಿತ್ತು. ಗಂಜಿ ಬಿಸಿಯಾಗಿತ್ತು. ಆದರೆ ಹುಣ್ಣಿನ ವಾಸನೆ ಜಗಲಿಯ ತನಕ ಬರುತ್ತಿತ್ತು. ಮಗ್ಗುಲಿಗೆ ಹೊರಳಿಸಿ ನೋಡಿದೆ. ಸೊಂಟದ ಕೆಳಗೆ ಅಂಗೈಯಷ್ಟು ಅಗಲದ ಗುಂಡಿ, ಒಳಗೆ ಮೂಳೆ ಕಾಣುತ್ತಿತ್ತು. ಅದಕ್ಕೆ ಅರಿಶಿನ, ತೆಂಗಿನೆಣ್ಣೆ ಹಚ್ಚಿದ್ದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಹೇಳಿದಾಗ ಆ ತಾಯಿ ನನ್ನ ಮುಖ ನೋಡಿ ಕೇಳಿದರು: "ಅಕ್ಕಾ, ಇದನ್ನ ಮೊದಲೇ ಯಾರಾದ್ರೂ ಹೇಳಿದ್ರೆ ನಾನು ರಾತ್ರಿ ಎದ್ದು ತಿರುಗಿಸ್ತಿರಲಿಲ್ವಾ?"

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ರಜೆ ಮುಗಿದು ವಾರ್ಡಿಗೆ ವಾಪಸ್ ಹೋದರೂ ಅದು ತಲೆಯಿಂದ ಹೋಗಲಿಲ್ಲ. ಎಷ್ಟು ಜನರನ್ನು ನಾನೇ ಹಾಗೆ ಮನೆಗೆ ಕಳಿಸಿದ್ದೇನೆ ಅನ್ನಿಸತೊಡಗಿತು.

ಆಮೇಲೆ ಓದಲು ಶುರು ಮಾಡಿದೆ. ಓದಿದಾಗ ಗೊತ್ತಾಯಿತು, ಈ ಕೆಲಸ ಬೇರೆ ಕಡೆಯೂ ಹೀಗೆಯೇ ಶುರುವಾಗಿತ್ತು.

1859. ಇಂಗ್ಲೆಂಡಿನ ಲಿವರ್‌ಪೂಲ್ ಬಂದರು. ವಿಲಿಯಂ ರಾತ್‌ಬೋನ್ ಅಂತ ಒಬ್ಬ ದೊಡ್ಡ ವ್ಯಾಪಾರಿ. ಕಾಯಿಲೆ ಬಿದ್ದ ಹೆಂಡತಿಯನ್ನು ನೋಡಿಕೊಳ್ಳಲು ಮೇರಿ ರಾಬಿನ್ಸನ್ ಅನ್ನುವ ನರ್ಸನ್ನು ಮನೆಯಲ್ಲಿ ಇಟ್ಟುಕೊಂಡಿದ್ದ. ಹೆಂಡತಿ ತೀರಿಕೊಂಡರು. ಇಷ್ಟು ಅನುಕೂಲ ಇರುವ ನಮ್ಮ ಮನೆಗೇ ನರ್ಸಿನಿಂದ ಇಷ್ಟು ಸಮಾಧಾನ ಸಿಕ್ಕಿತು, ಏನೂ ಇಲ್ಲದ ಬಡವರ ಮನೆಯಲ್ಲಿ ಹೇಗೋ ಅಂತ ಅವನಿಗೆ ಅನ್ನಿಸಿತು. ಅದೇ ನರ್ಸಿಗೆ ಸಂಬಳ ಕೊಟ್ಟು, ಬಡವರ ಕೇರಿಗಳಿಗೆ ಮೂರು ತಿಂಗಳು ಹೋಗಿಬಾ ಅಂದ. ಸ್ವಲ್ಪ ದಿನದಲ್ಲೇ ಆಕೆ ವಾಪಸ್ ಬಂದು, ಆ ಸಂಕಟ ನನ್ನಿಂದ ನೋಡಲಾಗುವುದಿಲ್ಲ, ಬಿಟ್ಟುಬಿಡಿ ಅಂದಳು. ಆತ ಸಮಾಧಾನ ಮಾಡಿ ಮತ್ತೆ ಕಳಿಸಿದ. ಮೂರು ತಿಂಗಳು ಮುಗಿದಾಗ ಅವಳೇ ಈ ಕೆಲಸ ಬಿಡುವುದಿಲ್ಲ ಅಂದಳು.

ನನಗೆ ಆ ವ್ಯಾಪಾರಿಗಿಂತ ಮೇರಿ ಹತ್ತಿರದವಳು ಅನ್ನಿಸುತ್ತದೆ. ಮೊದಲ ತಿಂಗಳಲ್ಲಿ ಅತ್ತು ವಾಪಸ್ ಬಂದ ನರ್ಸುಗಳನ್ನು ನಮ್ಮಲ್ಲೂ ನೋಡಿದ್ದೇನೆ. ಅವರಲ್ಲಿ ಕೆಲವರು ಈಗ ನಮ್ಮ ಗಟ್ಟಿ ಕೈಗಳು.

ಒಬ್ಬಳಿಂದ ಊರು ಮುಗಿಯುವುದಿಲ್ಲವಲ್ಲ. ಇನ್ನಷ್ಟು ನರ್ಸ್ ಬೇಕು ಅಂತ ರಾತ್‌ಬೋನ್ ಫ್ಲಾರೆನ್ಸ್ ನೈಟಿಂಗೇಲ್ ಅವರಿಗೆ ಪತ್ರ ಬರೆದ. ಇರುವವರನ್ನು ಹುಡುಕುವ ಬದಲು ನಿಮ್ಮೂರಲ್ಲೇ ತರಬೇತಿ ಕೊಡಿ ಅನ್ನುವುದು ಅವರ ಸಲಹೆ. ಅಲ್ಲಿನ ಆಸ್ಪತ್ರೆಯಲ್ಲಿ ತರಬೇತಿ ಶಾಲೆ ಬಂತು. ಊರನ್ನು 18 ಭಾಗ ಮಾಡಿ ನರ್ಸುಗಳನ್ನು ಹಂಚಿದರು. 1887ರಲ್ಲಿ ವಿಕ್ಟೋರಿಯಾ ರಾಣಿಯ ಪಟ್ಟದ ಐವತ್ತು ವರ್ಷಕ್ಕೆ ಹೆಂಗಸರು ಕೂಡಿಸಿಕೊಟ್ಟ ಹಣದಲ್ಲಿ 70,000 ಪೌಂಡ್ ಇದೇ ಕೆಲಸಕ್ಕೆ ಹೋಯಿತು. ಅಮೆರಿಕದ ನ್ಯೂಯಾರ್ಕಿನಲ್ಲಿ 1893ರಲ್ಲಿ ಲಿಲಿಯನ್ ವಾಲ್ಡ್ ಅನ್ನುವ ನರ್ಸ್ ವಲಸಿಗರ ಕೇರಿಯಲ್ಲಿ ಇಂಥದ್ದೇ ಶುರು ಮಾಡಿದರು.

ಇವೆಲ್ಲ ದೂರದ ಮಾತು. ನಮಗೆ ನಿಜವಾಗಿ ದಾರಿ ತೋರಿಸಿದ್ದು ಪಕ್ಕದ ಕೇರಳ.

1993ರಲ್ಲಿ ಕಲ್ಲಿಕೋಟೆಯ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ಸೇರಿ ಪೇನ್ ಅಂಡ್ ಪ್ಯಾಲಿಯೇಟಿವ್ ಕೇರ್ ಸೊಸೈಟಿ ಕಟ್ಟಿದರು. ಪ್ಯಾಲಿಯೇಟಿವ್ ಕೇರ್ ಅಂದರೆ ದೊಡ್ಡ ಕಾಯಿಲೆಯವರ ನೋವು, ಸಂಕಟ ಕಡಿಮೆ ಮಾಡುವ ಆರೈಕೆ. ಕ್ಯಾನ್ಸರ್ ನೋವಿಗೆ ಔಷಧಿ ಕೊಡುವುದು ಮೊದಲ ಕೆಲಸ. ನೋವು ಜಾಸ್ತಿ ಇದ್ದವರಿಗೆ ಬಸ್ಸು ಹತ್ತಿ ಬರಲು ಆಗುವುದಿಲ್ಲ ಅಂತ ಬೇಗ ಗೊತ್ತಾಯಿತು. ಹಾಗಾಗಿ ಇವರೇ ಮನೆಗೆ ಹೊರಟರು. ಆಮೇಲೆ ಮಲಪ್ಪುರಂ ಕಡೆ ಊರಿನವರೇ ಮುಂದೆ ಬಂದರು. ವಾರಕ್ಕೆ ಎರಡು ಗಂಟೆ ಕೊಡಬಲ್ಲ ಯಾರಾದರೂ ಸರಿ, ಮೇಷ್ಟ್ರು, ಅಂಗಡಿಯವರು, ಆಟೋದವರು. ಅವರಿಗೆ ತರಬೇತಿ. ಖರ್ಚಿಗೆ ಊರಿನ ಜನ ಕೊಡುವ ಚಿಲ್ಲರೆ ಕಾಸು. 2008ರಲ್ಲಿ ಕೇರಳ ಸರ್ಕಾರ ಇದಕ್ಕಾಗಿಯೇ ಒಂದು ನೀತಿ ತಂದಿತು. ದೇಶದಲ್ಲಿ ಅದೇ ಮೊದಲು. ಈಗ ಅಲ್ಲಿನ ಪಂಚಾಯಿತಿಗಳೇ ನರ್ಸನ್ನು ಮನೆಗೆ ಕಳಿಸುತ್ತವೆ. ಕೊನೆ ಹಂತದ ಕ್ಯಾನ್ಸರ್ ಪೇಷೆಂಟುಗಳನ್ನು ನೋಡಿಕೊಳ್ಳುವ ನಮ್ಮ ಬೆಂಗಳೂರಿನ ಕರುಣಾಶ್ರಯ ಕೂಡ ಕಟ್ಟಡ ಆಗುವ ಮೊದಲೇ, 1995ರಲ್ಲೇ, ಕ್ಯಾನ್ಸರ್ ಪೇಷೆಂಟುಗಳ ಮನೆಗೆ ಉಚಿತವಾಗಿ ಹೋಗಲು ಶುರು ಮಾಡಿತ್ತು.

ಮಲೆನಾಡಿನ ಹಳಬರಿಗೆ ಮನೆಗೆ ಬರುವ ಆರೋಗ್ಯದವರು ಹೊಸಬರೇನಲ್ಲ. 1953ರಲ್ಲಿ ಮಲೇರಿಯಾ ಕಾರ್ಯಕ್ರಮ ಬಂದ ಮೇಲೆ ಡಿಡಿಟಿ ಹೊಡೆಯುವವರು ಗುಡ್ಡ ಹತ್ತಿ ಬರುತ್ತಿದ್ದರು, ಗೋಡೆ ಮೇಲೆ ತಾರೀಕು ಬರೆದು ಹೋಗುತ್ತಿದ್ದರು. ಈಗ ಆಶಾ ಕಾರ್ಯಕರ್ತೆಯರಿದ್ದಾರೆ. ಆದರೆ ಬಸುರಿ, ಬಾಣಂತಿ, ಮಕ್ಕಳ ಕೆಲಸವೇ ಅವರಿಗೆ ಕೈತುಂಬ. ಹಾಸಿಗೆ ಹಿಡಿದವರ ಹುಣ್ಣು ತೊಳೆಯಿರಿ, ಮೂತ್ರದ ನಳಿಕೆ (ಕ್ಯಾಥೆಟರ್) ಬದಲಿಸಿ ಅಂತ ಅವರಿಗೆ ಹೇಳುವುದು ನ್ಯಾಯವಲ್ಲ.

ಹಾಗಾಗಿ ನಾನು, ಒಬ್ಬರು ನಿವೃತ್ತ ಮೇಷ್ಟ್ರು, ಓಮ್ನಿ ಇದ್ದ ಒಬ್ಬ ಹುಡುಗ ಸೇರಿ ಶುರು ಮಾಡಿದೆವು. ಲೆಕ್ಕದ ಪುಸ್ತಕ ಮೊದಲ ದಿನದಿಂದ ಮೇಷ್ಟ್ರ ಹತ್ತಿರವೇ ಇದೆ. ತೋಟದವರು ಅಡಿಕೆ ಮಾರಿದ ಮೇಲೆ ಒಂದಿಷ್ಟು ಕೊಡುತ್ತಾರೆ. ಅಂಗಡಿಗಳಲ್ಲಿ ಡಬ್ಬಿ ಇಟ್ಟಿದ್ದೇವೆ. ಒಂದು ಮಾತು ಇಲ್ಲಿ ಗಟ್ಟಿಯಾಗಿ ಹೇಳಬೇಕು. ಪೇಷೆಂಟಿನ ಮನೆಯಿಂದ ದುಡ್ಡು ತಗೊಳ್ಳುವುದಿಲ್ಲ ಅಂದರೆ ನರ್ಸಿಗೆ ಸಂಬಳ ಬೇಡ ಅಂತಲ್ಲ. ಮೇರಿ ರಾಬಿನ್ಸನ್‌ಗೂ ಸಂಬಳ ಇತ್ತು. ಸೇವೆ ಅನ್ನುವ ಮಾತು ಹೇಳಿ ಹೆಣ್ಣುಮಕ್ಕಳನ್ನು ಸುಮ್ನೆ ದುಡಿಸಿಕೊಳ್ಳುವುದು ತಪ್ಪು. ಡಬ್ಬಿಯ ದುಡ್ಡಿನಲ್ಲಿ ಮೊದಲು ಹೋಗುವುದು ನರ್ಸ್ ಸಂಬಳ, ಆಮೇಲೆ ಹತ್ತಿ, ಗಾಜ್, ಪೆಟ್ರೋಲ್.

ಕಷ್ಟ ಅಂದರೆ ಮಳೆಗಾಲ. ಶರಾವತಿ ಹಿನ್ನೀರಿನ ಆಚೆ ತುಮರಿ ಕಡೆ ಹೋದರೆ ಸಂಜೆಯ ಕೊನೆ ಲಾಂಚಿನ ಮೇಲೆ ಒಂದು ಕಣ್ಣು ಇಟ್ಟುಕೊಂಡೇ ಡ್ರೆಸ್ಸಿಂಗ್ ಮಾಡಬೇಕಿತ್ತು. 2025ರ ಜುಲೈನಲ್ಲಿ ಸೇತುವೆ ತೆರೆದ ಮೇಲೆ ಆ ಗಡಿಬಿಡಿ ಇಲ್ಲ. ಕರೆಂಟಿನ ಕಥೆ ಮಾತ್ರ ಹಾಗೇ ಇದೆ. ಗಾಳಿ ತುಂಬುವ ಹಾಸಿಗೆ ಹುಣ್ಣು ಆಗದಂತೆ ತಡೆಯುತ್ತದೆ, ನಿಜ. ಮರ ಬಿದ್ದು ಲೈನು ಹರಿದು ಮೂರು ದಿನ ಕರೆಂಟ್ ಇಲ್ಲದಿದ್ದರೆ ಅದರ ಪಂಪು ನಿಂತು ಹಾಸಿಗೆ ಚಪ್ಪಟೆಯಾಗುತ್ತದೆ. ಅದಕ್ಕೇ ನಾವು ಯಂತ್ರ ಕೊಡುವ ಮೊದಲು ಕೈಕೆಲಸ ಕಲಿಸುತ್ತೇವೆ.

ಅಂದಹಾಗೆ, ಬೆನ್ನಿನ ಹುಣ್ಣಿನ ಆ ಮನೆಗೆ ನಾವು ಎಂಟು ತಿಂಗಳು ಹೋದೆವು. ಹುಣ್ಣು ಮಾಯಿತು. ಅವರು ಈಗ ಗಾಲಿಕುರ್ಚಿಯಲ್ಲಿ ಕೂತು ಅಂಗಳದಲ್ಲಿ ಅಡಿಕೆ ಆರಿಸುತ್ತಾರೆ. ಅವರ ಹೆಂಡತಿ, ಅವತ್ತು ಪ್ರಶ್ನೆ ಕೇಳಿದ ಆ ತಾಯಿ, ನಮ್ಮ ಜೊತೆ ವಾರಕ್ಕೊಂದು ದಿನ ಬರುತ್ತಾರೆ.

ಮೊನ್ನೆ ಸ್ಟ್ರೋಕ್ ಆದ ಅಜ್ಜಿಯ ಮನೆಗೆ ಹೋಗಿದ್ದೆವು. ಸೊಸೆ ಹೆದರಿದ್ದಳು. ಮುಟ್ಟಿದರೆ ಅತ್ತೆಗೆ ನೋವಾಗುತ್ತದೇನೋ ಅಂತ. ನಾನು ಬ್ಯಾಗು ಬಿಚ್ಚುವಷ್ಟರಲ್ಲಿ ಈ ತಾಯಿ ಒಂದು ಹಳೇ ಹತ್ತಿ ಸೀರೆ ಕೇಳಿ ತಗೊಂಡರು. ನಾಲ್ಕು ಮಡಿಕೆ ಮಾಡಿ ಅಜ್ಜಿಯ ಭುಜದಿಂದ ತೊಡೆಯ ತನಕ ಅಡಿಗೆ ಹಾಸಿದರು. ಒಂದು ಅಂಚು ಸೊಸೆಯ ಕೈಗೆ, ಇನ್ನೊಂದು ತಮ್ಮ ಕೈಗೆ. "ಮೈ ಎಳೀಬೇಡ, ಸೀರೆ ಎಳಿ." ಅಜ್ಜಿ ಹಗುರವಾಗಿ ಮಗ್ಗುಲಾದರು. ಬೆನ್ನಿಗೆ ಒಂದು ದಿಂಬು, ಮಂಡಿಗಳ ನಡುವೆ ಇನ್ನೊಂದು. ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮಡಚಿದ ಟವೆಲ್. ಸೊಂಟದ ಹತ್ತಿರ ಕೆಂಪಾಗಿದ್ದ ಜಾಗವನ್ನು ಬೆರಳಿನಿಂದ ಒತ್ತಿ ತೋರಿಸಿದರು. "ನೋಡು, ಒತ್ತಿ ಬಿಟ್ರೆ ಒಂದು ಗಳಿಗೆ ಬೆಳ್ಳಗಾಗ್ಬೇಕು. ಒತ್ತಿದ್ರೂ ಕೆಂಪಗೇ ಇದ್ರೆ ತಕ್ಷಣ ಫೋನ್ ಮಾಡು. ಅಲ್ಲಿ ತಿಕ್ಕೋಕೆ ಹೋಗ್ಬೇಡ ಮಾರಾಯ್ತಿ."

ಆಮೇಲೆ ಸೊಸೆಯ ಮೊಬೈಲ್ ಇಸ್ಕೊಂಡು ಅಲಾರಂ ಇಡುವುದನ್ನು ತೋರಿಸಿದರು. ರಾತ್ರಿ ಹತ್ತಕ್ಕೆ, ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ.